ನಲವತ್ತಾರನೆಯ ಲಾಗಿನ್

ನಾನು ಒಂದು ಲಾಗಿನ್. ನಗಬೇಡಿ! ಕೈಕಾಲಿಲ್ಲ, ಮೈಯಿಲ್ಲ, ಯಾರೂ ನನ್ನನ್ನು ಮುಟ್ಟಲಾರರು. ಆದರೂ ಒಂದು ವಿಶ್ವವಿದ್ಯಾಲಯದ ಎಷ್ಟೋ ಬಾಗಿಲುಗಳನ್ನು ತೆಗೆದಿದ್ದು ನಾನೇ. ಗಣಕ ಕೇಂದ್ರದ ಅಂದಾನಪ್ಪ ಸರ್ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು, ಹೊಸ ವಿದ್ಯಾರ್ಥಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟು ಒಂದು ಗುಂಡಿ ಒತ್ತಿದರು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ನಾವು ಇನ್ನೂರ ಹನ್ನೆರಡು ಜನ ಹುಟ್ಟಿಬಿಟ್ಟೆವು. ನನ್ನ ಹೆಸರೇ ಒಂದು ನೋಂದಣಿ ಸಂಖ್ಯೆ, ಅದರ ಕೊನೆಗೆ ನಲವತ್ತಾರು. ನನ್ನ ಒಡತಿ ದಾಕ್ಷಾಯಣಿ, ಭೂವಿಜ್ಞಾನದ ಎಂಎಸ್ಸಿಗೆ ಸೇರಿದವಳು.

ಎಲ್ಲರಿಗೂ ಮೊದಲ ಪಾಸ್‌ವರ್ಡ್ ಅವರವರ ಹುಟ್ಟಿದ ದಿನಾಂಕ. ನಾನು ಅಕ್ಕಪಕ್ಕ ಇಣುಕಿದೆ. ಅಯ್ಯಯ್ಯೋ! ನನ್ನದು ಜೂನ್ ಒಂದು. ನಲವತ್ತೇಳರದೂ ಜೂನ್ ಒಂದು, ಐವತ್ತೆರಡರದೂ ಜೂನ್ ಒಂದು! ಈ ಸೀಮೆಯ ತಾಯಂದಿರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆತ್ತರೇ?

ಗುಟ್ಟು ತಿಳಿದದ್ದು ದಾಕ್ಷಾಯಣಿ ಮೊದಲ ಸಲ ಲ್ಯಾಬಿಗೆ ಬಂದ ದಿನ. ಒಂದೇ ಬೆರಳಲ್ಲಿ ಒತ್ತಿದಳು, ತಪ್ಪು. ಮತ್ತೆ ಒತ್ತಿದಳು, ಮತ್ತೆ ತಪ್ಪು. ಮೂರನೆಯದೂ ತಪ್ಪಿದರೆ ನಾನಾಗಿಯೇ ಮುಚ್ಚಿಕೊಳ್ಳಬೇಕು, ಅದು ನನ್ನ ಕರ್ಮ.

"ಯಾವ ದಿನಾಂಕ ಹಾಕೀದಿ?" ಅಂದಾನಪ್ಪ ಸರ್ ಕೇಳಿದರು.

"ನಾ ಹುಟ್ಟಿದ್ದರಿ. ಕಾರಹುಣ್ಣಿವಿ ಮರುದಿನ ಅಂತ ನಮ್ಮವ್ವ ಹೇಳ್ಯಾಳ. ಹಳೇ ಪಂಚಾಂಗ ನೋಡಿ ಲೆಕ್ಕಾ ತಗದೀನ್ರಿ."

"ನಿಮ್ಮವ್ವ ಹೇಳಿದ್ದು ಖರೇನ ಇದ್ದೀತು. ಆದ್ರ ಇಲ್ಲಿ ಸಾಲಿ ಮಾಸ್ತರು ಬರದದ್ದ ನಡೀತೈತಿ. ಅವರು ಎಲ್ಲಾರಿಗೂ ಜೂನ್ ಒಂದು ಬರದು ಕೈ ತೊಳಕೊಂಡಾರ. ಅದನ್ನ ಹಾಕವ್ವಾ."

ಹಾಕಿದಳು. ತೆರೆದೆ! "ಹೇ, ಬಂತರಿ ಸರ್!" ಎಂದು ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ನನಗಾದ ಸಂಭ್ರಮ ಹೇಳತೀರದು. ಒಳಗೆ ಬಂದವರಿಗೆ 'ಹೊಸ ಪಾಸ್‌ವರ್ಡ್ ಇಡಿ' ಎಂದು ಹೇಳುವುದು ನಮ್ಮ ರೂಢಿ. ಅವಳು 'ಆಮೇಲೆ' ಒತ್ತಿದಳು. ಮರುದಿನವೂ ಆಮೇಲೆ, ಎರಡು ವರ್ಷವೂ ಆಮೇಲೆ. ಸೋಮಾರಿ!

ಆದರೆ ಕೆಲಸದಲ್ಲಿ ಸೋಮಾರಿಯಲ್ಲ. ಗ್ರಂಥಾಲಯದ ಸಂಶೋಧನಾ ಲೇಖನಗಳು, ವೈಫೈ, ಮೇಲ್, ಪ್ರಿಂಟರ್, ಸರ್ವರಿನಲ್ಲಿ ಅವಳದೇ ಒಂದು ಫೋಲ್ಡರ್, ಎಲ್ಲಕ್ಕೂ ನಾನೇ ದಾರಿ. ಚೀಲದ ತುಂಬ ಬಾಟಲಿ ತುಂಬಿಕೊಂಡು ಬಸ್ಸು ಹತ್ತಿ, ಊರೂರು ತಿರುಗಿ, ಮುನ್ನೂರ ನಲವತ್ತು ಬೋರುಗಳ ನೀರು ತಂದಳು. ಯಾವ ನೀರಿನಲ್ಲಿ ಹಲ್ಲನ್ನು ಕಂದಾಗಿಸಿ ಮೂಳೆಯನ್ನು ಸೊಟ್ಟ ಮಾಡುವ ಫ್ಲೋರೈಡ್ ಎಷ್ಟಿದೆ ಎಂದು ಅಳೆದು, ಒಂದೊಂದನ್ನೂ ನನ್ನೊಳಗೆ ತುಂಬಿದಳು.

ವರದಿ ಸಲ್ಲಿಸಲು ಕೊನೆಯ ದಿನ, ಸಂಜೆ ಐದು ಗಂಟೆಯೊಳಗೆ. ತಪ್ಪಿದರೆ ಅವಳ ವರ್ಷ ಹೋಯಿತು. ವಿಷದ ಬೋರುಗಳ ಪಟ್ಟಿಯೂ ನನ್ನೊಳಗೇ ಉಳಿದುಬಿಡುತ್ತಿತ್ತು, ಏಕೆಂದರೆ ವಿಭಾಗದವರು ಸಲ್ಲಿಕೆಯಾದ ವರದಿಯನ್ನಷ್ಟೇ ಪಂಚಾಯಿತಿಗಳಿಗೆ ಕಳಿಸುತ್ತಿದ್ದರು.

ಅಂದು ಬೆಳಿಗ್ಗೆ ಅವಳ ಸಹಪಾಠಿ ದೇವೇಂದ್ರ ಲ್ಯಾಬಿಗೆ ಬಂದ. ಅವನದು ನಲವತ್ತೇಳು. ಊರಿನ ಬಸ್ಸಿಗೆ ಹೊತ್ತಾಗಿತ್ತೆಂದು ಕಾಣುತ್ತದೆ, ಗಡಿಬಿಡಿಯಲ್ಲಿ ನಲವತ್ತಾರು ಒತ್ತಿದ. ಪಾಸ್‌ವರ್ಡ್ ಜೂನ್ ಒಂದು, ವರ್ಷವೂ ಅದೇ! ನಾನೇನು ಮಾಡಲಿ? ತೆರೆದುಕೊಂಡೆ. 'ಲೇ, ನಾನು ನಿನ್ನವನಲ್ಲ!' ಎಂದು ಕೂಗಲು ಬಾಯಿ ಎಲ್ಲಿದೆ? ತನ್ನ ವರದಿಯನ್ನು ನನ್ನ ಮೂಲಕ ಸಲ್ಲಿಸಿದ. ಅಷ್ಟು ಸಾಲದೆಂದು, ಎರಡು ವರ್ಷ ಯಾರೂ ಕೇಳದ ನನ್ನ ಮಾತು ಕೇಳಿ ಹೊಸ ಪಾಸ್‌ವರ್ಡ್ ಬೇರೆ ಇಟ್ಟು ಹೋದ.

ನಾಲ್ಕೂಕಾಲಿಗೆ ದಾಕ್ಷಾಯಣಿ ಬಂದಳು. ತಪ್ಪು. ಮತ್ತೆ ತಪ್ಪು. 'ಸರ್!' ಎಂದು ಕೂಗಿದಳು. ನನ್ನೆದುರಿಗೇ ಕೂತಿದ್ದಾಳೆ, ನಾನು ಬಾಗಿಲು ತೆಗೆಯಲಾರೆ! ಅಂಥ ಸಂಕಟ ಯಾರಿಗೂ ಬೇಡ.

ಅಂದಾನಪ್ಪ ಸರ್ ಓಡಿ ಬಂದು ಪಾಸ್‌ವರ್ಡ್ ಬದಲಿಸಿಕೊಟ್ಟರು. ಒಳಗೆ ನೋಡಿದರೆ, 'ವರದಿ ಸ್ವೀಕರಿಸಲಾಗಿದೆ' ಎಂದಿದೆ, ಕೆಳಗೆ ದೇವೇಂದ್ರನ ಹೆಸರು! ಸರ್ ಹಣೆ ಚಚ್ಚಿಕೊಂಡರು.

"ಇದನ್ನ ಅಳಸ್ತೀನಿ, ನಿಂದು ಹಾಕು ಲಗೂನ."

"ಬ್ಯಾಡ್ರಿ ಸರ್! ಅಳಿಸಿದ್ರ ಅವಂದು ಹೋಗೇ ಬಿಡತೈತಿ. ಅವಗೂ ಇವತ್ತ ಕಡೀ ದಿನ. ಮೊದಲ ಅವಂದು ಅವನ ಜಾಗಾಕ್ಕ ಹಾಕೂಣ್ರಿ."

"ಟೈಮ್ ನೋಡೀದೇನು? ನಾಲ್ಕೂ ನಲವತ್ತಾತು!"

ಅವಳು ಆಗಲೇ ಫೋನ್ ಮಾಡಿದ್ದಳು. ಬಸ್ಸಿನ ಗದ್ದಲದಲ್ಲಿ ದೇವೇಂದ್ರ ಅರಚುತ್ತಿದ್ದ. "ತಪ್ಪಾತವಾ ಯಕ್ಕಾ! ನನ್ನ ಲಾಗಿನ್ ತಗದು ನೀನ ಹಾಕಿಬಿಡು, ನಿನ್ನ ಕಾಲಿಗೆ ಬೀಳ್ತೀನಿ!"

"ಪಾಸ್‌ವರ್ಡ್ ಏನೋ?"

"ಅದರಾಗ ಹಳೇದ ಐತಿ, ಮಾಸ್ತರು ಬರದದ್ದ!"

ಅಂಥ ಹೊತ್ತಿನಲ್ಲೂ ಸರ್ ಕಿಸಕ್ಕನೆ ನಕ್ಕರು. ದಾಕ್ಷಾಯಣಿ ಅವನ ವರದಿಯನ್ನು ನನ್ನಿಂದ ಇಳಿಸಿಕೊಂಡು, ನಲವತ್ತೇಳರಲ್ಲಿ ಏರಿಸಿದಳು. ನಾಲ್ಕೂ ಐವತ್ತೊಂದು. ಸರ್ ನನ್ನಲ್ಲಿದ್ದುದನ್ನು ಅಳಿಸಿದರು. ನಾಲ್ಕೂ ಐವತ್ತನಾಲ್ಕು. ಅವಳ ವರದಿಯಲ್ಲಿ ನಕ್ಷೆಗಳು ಬಹಳ, ಏರುವುದು ನಿಧಾನ. ಅರವತ್ತು ಪಾಲು, ಎಂಬತ್ತು ಪಾಲು... ನಾನು ಉಸಿರು ಬಿಗಿಹಿಡಿದೆ, ಉಸಿರೇ ಇಲ್ಲದವನು! ನಾಲ್ಕೂ ಐವತ್ತೆಂಟಕ್ಕೆ ಪರದೆಯ ಮೇಲೆ ಹಸಿರು ಗೆರೆ ತುಂಬಿತು. ಸ್ವೀಕರಿಸಲಾಗಿದೆ! ಈ ಸಲ ಕೆಳಗೆ ದಾಕ್ಷಾಯಣಿ ಎಂದೇ ಇತ್ತು. ಅವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಸರ್ ನೀರಿನ ಬಾಟಲಿ ಮುಂದಿಟ್ಟರು.

ಇಬ್ಬರೂ ಪಾಸಾದರು. ಓದು ಮುಗಿಸಿದವರ ಲಾಗಿನ್‌ಗೆ ಮೂರು ತಿಂಗಳಷ್ಟೇ ಆಯಸ್ಸು. ನನ್ನ ಪಾಲಿನದು ನಾಳೆ ಮುಗಿಯುತ್ತದೆ. ಈಚೆಗೆ ನನ್ನನ್ನು ಯಾರೂ ತೆರೆಯುತ್ತಿರಲಿಲ್ಲ, ಸರ್ವರಿನ ಮೂಲೆಯಲ್ಲಿ ತೆಪ್ಪಗೆ ಬಿದ್ದಿದ್ದೆ. ಇವತ್ತು ಬೆಳಿಗ್ಗೆ ಒಂದು ಗ್ರಾಮ ಪಂಚಾಯಿತಿಯಿಂದ ಅವಳಿಗೆ ಮೇಲ್ ಬಂತು. ಮಧ್ಯಾಹ್ನ ದಾಕ್ಷಾಯಣಿ ತನ್ನ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಬಂದವಳು ಅದನ್ನು ತೆರೆದು, ಅಂದಾನಪ್ಪ ಸರ್‌ಗೆ ಕೇಳುವಂತೆ ಗಟ್ಟಿಯಾಗಿ ಓದಿದಳು: 'ನಿಮ್ಮ ಪಟ್ಟಿ ತಲುಪಿತು. ನಮ್ಮ ಶಾಲೆಯ ಬೋರನ್ನು ಬಂದ್ ಮಾಡಿಸಿದ್ದೇವೆ. ಮಕ್ಕಳಿಗೆ ಇಂದಿನಿಂದ ಹೊಳೆಯ ನೀರಿನ ಟ್ಯಾಂಕರ್ ಬರುತ್ತದೆ.'

ನಾಳೆ ನನ್ನನ್ನು ಮುಚ್ಚುತ್ತಾರೆ. ಮುಚ್ಚಲಿ ಬಿಡಿ! ಆ ಶಾಲೆಯ ಮಕ್ಕಳು ಇವತ್ತು ಒಳ್ಳೆಯ ನೀರು ಕುಡಿದಿದ್ದಾರೆ.