ಒಡೆಟ್ ನಿಂತ ಜೋಡಿ

ಒಡೆಟ್ ತಿಬೊಡೊ ಬಹುಮತವಿದ್ದ ನಮ್ಮ ಪಕ್ಷದ ನಾಯಕಿ. ಉತ್ತರದ ಆಲೂಗಡ್ಡೆ ಹೊಲಗಳ ಕಡೆಯವಳು. ಶಾಲೆಯ ಬಸ್ಸು ಓಡಿಸುತ್ತಿದ್ದವಳು ಅಮೆರಿಕದ ಮೇನ್ ರಾಜ್ಯದ ಶಾಸನಸಭೆಗೆ ಬಂದು ಸದನವನ್ನೂ ಹಾಗೇ ಓಡಿಸಿದಳು. ಗಲಾಟೆ ಮಾಡುವವರತ್ತ ಒಮ್ಮೆ ತಿರುಗಿದರೆ ಸಾಕು, ತೆಪ್ಪಗಾಗುತ್ತಿದ್ದರು. ನಾನು ಅವಳ ಸಚೇತಕ. ತಲೆ ಎಣಿಸುವುದು ನನ್ನ ಕೆಲಸ.

ಅವಳ ಊರಿನ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಮುಚ್ಚಿತ್ತು. ಅವಳ ಮೊಮ್ಮಗಳು ಹುಟ್ಟಿದ್ದು ಹಿಮ ಸುರಿಯುವ ಹೆದ್ದಾರಿಯ ಪಕ್ಕ, ಪಿಕಪ್ ಗಾಡಿಯಲ್ಲಿ. ವಾರ್ಡನ್ನು ಮತ್ತೆ ತೆರೆಸುವ ಮಸೂದೆ ಗೆಲ್ಲಲೇಬೇಕಿತ್ತು. ಅವಧಿ ಮಿತಿಯ ಕಾನೂನಿನಿಂದಾಗಿ ಅವಳಿಗೆ ಇದೇ ಕೊನೆಯ ವರ್ಷ.

ಮತದಾನದ ಬೆಳಿಗ್ಗೆ ಎಣಿಸಿದರೆ ಒಂದೇ ಮತದಿಂದ ನಾವು ಮುಂದು! ಎದುರು ಪಕ್ಷದ ವೆಂಡೆಲ್ ಕ್ರಾಕೆಟ್ ಹೃದಯದ ಆಪರೇಷನ್ ಆಗಿ ಮಲಗಿದ್ದ. ಕುಣಿಯುತ್ತಾ ಹೋಗಿ ಹೇಳಿದೆ. ಅವಳು ಕಾಫಿ ಕೆಳಗಿಟ್ಟಳು.

"ವೆಂಡೆಲ್‌ಗೆ ನಾನು ಜೋಡಿ ನಿಂತಿದ್ದೀನಿ ಕಣೋ."

ನನಗೆ ಮೈಯೆಲ್ಲ ಉರಿಯಿತು. ಸದನದ ಹಳೆಯ ರೂಢಿ ಅದು: ಕಾಯಿಲೆ ಬಿದ್ದ ಎದುರಾಳಿಗೆ ಜೋಡಿ ನಿಂತವರು ಅವನು ಬರುವ ತನಕ ತಾವೂ ಮತ ಹಾಕುವುದಿಲ್ಲ; ಒಬ್ಬರ 'ಬೇಕು', ಇನ್ನೊಬ್ಬರ 'ಬೇಡ' ಸರಿದೂಗಿ ಹೋಗುತ್ತದೆ. ಬ್ಲೂಬೆರಿ ಪೈ ಹಿಡಿದು ನೋಡಲು ಹೋದವಳು, ಮತ ಹಾಕಲು ಏಳುತ್ತೇನೆಂದು ಹಟ ಹಿಡಿದ ಮುದುಕನನ್ನು ಮಲಗಿಸಲು ಮಾತು ಕೊಟ್ಟು ಬಂದಿದ್ದಳು.

"ಬರೀ ಬಾಯಿಮಾತು ತಾನೆ? ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ. ಆದ್ರೆ ಅವನು ಅದನ್ನ ನಂಬ್ಕೊಂಡೇ ಮಲಗಿದಾನೆ."

ಸದನದಲ್ಲಿ ಮತಕ್ಕಾಗಿ ಒಬ್ಬೊಬ್ಬರ ಹೆಸರು ಕೂಗತೊಡಗಿದರು. ಅವಳ ಹೆಸರು ಬಂದಾಗ ಎದ್ದು ನಿಂತು, ತಾನು ಕ್ರಾಕೆಟ್ ಅವರಿಗೆ ಜೋಡಿ, ಮತ ಹಾಕುವುದಿಲ್ಲ ಎಂದಳು. ಎಣಿಕೆ ಸಮಸಮ. ಸಮವಾದರೆ ಮಸೂದೆ ಬಿದ್ದಂತೆ. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಸಭಾಧ್ಯಕ್ಷರು ಫಲಿತಾಂಶ ಹೇಳುವ ಮುನ್ನ ವೆಂಡೆಲ್‌ನ ಖಾಲಿ ಕುರ್ಚಿಯ ಪಕ್ಕದಲ್ಲಿ ಯಾರೋ ಎದ್ದರು. ಅವನದೇ ಪಕ್ಷದ ಮರ್ಲ್ ಹಸ್ಸಿ, ಸಿಗಡಿ ಹಿಡಿಯುವ ದೋಣಿಯವನು. ಒಡೆಟ್‌ಳನ್ನು "ಡ್ರೈವರಮ್ಮ" ಎಂದು ಇಷ್ಟು ವರ್ಷ ಕಿಚಾಯಿಸಿದವನು.

"ನನ್ನ ಮತ ಬದಲಾಯಿಸ್ತೀನಿ," ಎಂದ. "ಡ್ರೈವರಮ್ಮ ನಮ್ಮವನೊಬ್ಬನನ್ನ ದಾರೀಲಿ ಇಳಿಸಿ ಹೋಗಲಿಲ್ಲ."

ಸದನ ಹೋ ಎಂದಿತು. ಮಸೂದೆ ಗೆದ್ದಿತು! ನಾನು ನಾಚಿಕೆ ಬಿಟ್ಟು ಅತ್ತೆ.

ಒಡೆಟ್ ಮೊದಲು ವೆಂಡೆಲ್‌ಗೆ ಫೋನ್ ಮಾಡಿದಳು. ಅವನು ಗುಡುಗಿದ್ದು ನನಗೂ ಕೇಳಿಸಿತು: "ನಾನು ಬಂದಿದ್ರೆ ಬೇಡ ಅಂತಲೇ ಹಾಕ್ತಿದ್ದೆ!"

"ಗೊತ್ತಪ್ಪಾ," ಎಂದಳು, ಕಣ್ಣೊರೆಸಿಕೊಂಡು. "ನಿನ್ನ ಮತವನ್ನ ಜೋಪಾನವಾಗಿ ಕಾದಿಟ್ಟಿದ್ದೀನಿ. ಈಗ ಮಲಗು."