ಕಾಯಿ ಕಚ್ಚದ ಟೊಮೆಟೊ

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಾಳಮ್ಮ 2001ರಲ್ಲಿ ಹರಪನಹಳ್ಳಿಯ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸಿದಾಗ ಹಿತ್ತಲಿಗೆಂದು ಉಳಿದದ್ದು ಹನ್ನೆರಡು ಅಡಿ ಗರಸು ನೆಲ. ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದವಳಿಗೆ ತನ್ನ ನೆಲದಲ್ಲಿ ಏನಾದರೂ ಬೆಳೆದು ತಿನ್ನಬೇಕೆಂಬ ಹಟ. ತಾನೇ ಗುದ್ದಲಿ ಹಿಡಿದು ಅಗೆದು, ಕೆರೆಮಣ್ಣು ಹಾಕಿಸಿ, ಹತ್ತು ಟೊಮೆಟೊ ಸಸಿ ನೆಟ್ಟಳು.

ಏಪ್ರಿಲ್ ಹೊತ್ತಿಗೆ ಗಿಡಗಳು ಎದೆಯೆತ್ತರ ಬೆಳೆದವು. ಕಡುಹಸಿರು ಎಲೆ, ತುಂಬ ಹಳದಿ ಹೂವು. ಆದರೆ ಒಂದೂ ಕಾಯಿ ಕಚ್ಚಲಿಲ್ಲ. ಬೆಳಗಾದರೆ ಬುಡದ ತುಂಬ ಉದುರಿದ ಹೂವು.

"ಗೊಡ್ಡು ಗಿಡ ಅವು. ಕಿತ್ತು ಒಗದು ಬದ್ನಿ ಹಚ್ಚವ್ವ" ಎಂದಳು ಪಕ್ಕದ ಮನೆಯ ಕೊಟ್ರಬಸಮ್ಮ.

ಮಾಳಮ್ಮನಿಗೆ ಚುರುಕ್ಕೆಂದಿತು. "ಆ ಮಾತು ಆಸ್ಪತ್ರಿಯಾಗ ಭಾಳ ಕೇಳೀನ್ರಿ. ಗಿಡಕ್ಕೂ ಅನಬ್ಯಾಡ್ರಿ."

ಸಂತೆಯ ದಿನ ಒಂದು ರೆಂಬೆ ಮುರಿದುಕೊಂಡು ಹೋಗಿ, ಸಸಿ ಮಾರುವ ಸುಂಕಪ್ಪನಿಗೆ ತೋರಿಸಿದಳು.

"ಏನೇನು ಹಾಕೀರಿ?"

"ವಾರಕ್ಕೊಂದು ಮುಷ್ಟಿ ಯೂರಿಯಾ. ಎರಡೂ ಹೊತ್ತು ನೀರು."

"ಗಿಡ ಸೊಕ್ಕೇತ್ರಿ ಅಕ್ಕಾ! ಎಲಿ ಬೆಳಸೀರಿ ನೀವು. ಯೂರಿಯಾ ಬಂದ್ ಮಾಡ್ರಿ. ನೀರು ಒಂದ ಹೊತ್ತು. ಮಧ್ಯಾಹ್ನದ ಬಿಸ್ಲಿಗೆ ನೆರಳು ಕಟ್ರಿ. ಬೆಳಿಗ್ಗಿ ಹೂವಿನ ತೊಟ್ಟು ಮೆಲ್ಲಕ ತಟ್ರಿ, ಒಳಗಿನ ಪುಡಿ ಉದುರಿದ್ರ ಕಾಯಿ ಕಚ್ಚತೈತಿ."

ಮಾಳಮ್ಮ ನಾಲ್ಕು ಗಳ ನೆಟ್ಟು ಹಳೇ ಸೀರೆ ಕಟ್ಟಿದಳು. ಡ್ಯೂಟಿಗೆ ಹೊರಡುವ ಮೊದಲು ಒಂದೊಂದೇ ಗೊಂಚಲನ್ನು ಬೆರಳಿನಿಂದ ತಟ್ಟತೊಡಗಿದಳು. ಬೇಸಿಗೆ ರಜೆಯಲ್ಲಿದ್ದ ಗಂಡ ಜೋಗಪ್ಪ ಮೇಷ್ಟ್ರು ಬಾಗಿಲಲ್ಲಿ ನಿಂತು ನಕ್ಕ. "ಹೂವಿಗೆ ಕಚಗುಳಿ ಇಡಾಕ ಹತ್ತೀಯೇನ?"

ಹತ್ತು ದಿನವಾದರೂ ಹೂವು ಉದುರುತ್ತಲೇ ಇದ್ದವು. ಅವಳು ಬಿಡಲಿಲ್ಲ. ಅಷ್ಟರಲ್ಲಿ ದಾವಣಗೆರೆಗೆ ಐದು ದಿನದ ತರಬೇತಿಗೆ ಹೋಗಬೇಕೆಂದು ಆದೇಶ ಬಂತು.

"ನಗೋದು ಆಮ್ಯಾಲ ನಗ್ರಿ. ಐದು ದಿನ ತಪ್ಪದಂಗ ತಟ್ರಿ" ಎಂದು ಗಂಡನಿಗೆ ಹೇಳಿ ಬಸ್ಸು ಹತ್ತಿದಳು. ಅವನು ಮರೆಯುತ್ತಾನೆಂದೇ ಅವಳ ಲೆಕ್ಕ.

ತಿರುಗಿ ಬಂದಾಗ ಮನೆಯೊಳಗೆ ಯಾರೂ ಇರಲಿಲ್ಲ. ಹಿತ್ತಲಿಗೆ ಹೋದರೆ ಜೋಗಪ್ಪ ಗಾಳಿಗೆ ಹರಿದ ಸೀರೆಯನ್ನು ಸ್ಟೂಲು ಹತ್ತಿ ಮತ್ತೆ ಕಟ್ಟುತ್ತಿದ್ದ.

"ಮೆಲ್ಲಕ ಬಾ, ಗಿಡಕ್ಕ ತಗಲಸಬ್ಯಾಡ" ಎಂದ. ಇಳಿದು ಬಂದು ಒಂದು ಗೊಂಚಲನ್ನು ಎತ್ತಿ ಹಿಡಿದ. ಒಣಗಿದ ಹೂವಿನ ಹಿಂದೆ ಕಡಲೆಕಾಳಿನಷ್ಟು ಹಸಿರು ಕಾಯಿ.

"ಎಷ್ಟದಾವು?"

"ಆರು. ನಿನ್ನಿ ನಾಕಿದ್ವು."

ಮಾಳಮ್ಮ ಹೆಗಲ ಚೀಲವನ್ನೂ ಇಳಿಸದೆ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಆರನ್ನೂ ಹುಡುಕಿ ನೋಡಿದಳು.

ಎರಡು ಗಿಡ ಕೊನೆಗೂ ಕಾಯಿ ಬಿಡಲಿಲ್ಲ. ಉಳಿದ ಎಂಟರ ಕಾಯಿಗಳು ಜೂನ್‌ನಲ್ಲಿ ಹಣ್ಣಾದವು. ಮೊದಲ ನಾಲ್ಕು ಹಣ್ಣನ್ನು ಹಸಿಮೆಣಸಿನಕಾಯಿ ಜೊತೆ ಸುಟ್ಟು ಮಾಳಮ್ಮ ಚಟ್ನಿ ಅರೆದಳು. ಜೋಗಪ್ಪ ರೊಟ್ಟಿ ಮುರಿದು ಹಚ್ಚಿಕೊಂಡು ತಿಂದ.

"ಸ್ವಲ್ಪ ಹುಳಿ ಐತಿ."

"ಇರ್ಲಿ" ಎಂದು ಅವಳು ಇನ್ನೊಂದು ರೊಟ್ಟಿ ತೆಗೆದುಕೊಂಡಳು.