ಸೀಟಿನ ಅಳತೆ

"ಗುಂಡಿ ಒತ್ತು, ಒತ್ತಿ ಕೆಳಗೆ ತಳ್ಳು! ಏನಯ್ಯಾ, ಬೆಳಿಗ್ಗೆ ಏನೂ ತಿಂದಿಲ್ವಾ?"

ಲಾರಿ ಮಾವ ಗದರಿದ. ಅವನ ಡ್ರೈವರು ಗಾಡಿಯ ಬಾಗಿಲಿನ ಮೇಲೆ ಹೊಟ್ಟೆ ಊರಿ ಒಳಕ್ಕೆ ಬಗ್ಗಿದ್ದ. ಹ್ಯಾಂಡ್‌ಬ್ರೇಕಿನ ತುದಿಯ ಗುಂಡಿ ಒತ್ತಿ, ಸರಳನ್ನು ಮೇಲಕ್ಕೆ ಜಗ್ಗಿ, ಕೆಳಕ್ಕೆ ತಳ್ಳಿದ. ಸರಳು ಕಟ್ ಎಂದು ಇನ್ನೊಂದು ಹಲ್ಲು ಮೇಲೇರಿ ಅಲ್ಲೇ ಕಚ್ಚಿಕೊಂಡಿತು. ಬೆಳಗಿನಿಂದ ಇದು ಆರನೆಯ ಸಲ. ಬಿಡಿಸಲು ಬಂದವರೆಲ್ಲ ಬಿಗಿ ಮಾಡಿ ಹೋಗುತ್ತಿದ್ದರು.

ಮೇಲೆ ಮುಚ್ಚಿಗೆಯಿಲ್ಲದ, ಎರಡೇ ಸೀಟಿನ, ಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು ಅದು. ಗೇಟಿನಿಂದ ಮನೆಬಾಗಿಲಿಗೆ ಬರುವ ಸಂದಿಯ ನಟ್ಟನಡುವೆ, ಬೀದಿಗೆ ಮುಖ ಮಾಡಿ, ಮನೆಗೆ ಬೆನ್ನು ಕೊಟ್ಟು ನಿಂತಿತ್ತು. ಎರಡೂ ಕಡೆ ಗೋಡೆಗೆ ಒಂದೊಂದು ಮೊಳ ಜಾಗ. ನಿನ್ನೆ ಬೆಳಿಗ್ಗೆ ಮನೆಯ ಯಜಮಾನ ಸೀಟು ಮೇಸ್ತ್ರಿ ಅದರಲ್ಲೇ ಪ್ರಾಣ ಬಿಟ್ಟಿದ್ದರು. ಅಕ್ಕಪಕ್ಕದವರು ಡಿಕ್ಕಿಯ ಮೇಲಿಂದ ಎತ್ತಿ ತಂದು ಒಳಗೆ ಮಲಗಿಸಿದರು. ಡಾಕ್ಟರು ಬಂದು ನೋಡಿ, ಹೃದಯಾಘಾತ ಎಂದು ತಮ್ಮ ಕನ್ನಡಕ ಒರೆಸಿಕೊಂಡರು.

ಖಾಲಿ ಶವಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಅಡ್ಡಡ್ಡ ನಡೆದು, ಹೇಗೋ ಒಳಗೆ ತಂದದ್ದಾಗಿತ್ತು. ಆರಡಿಯ ಮೇಸ್ತ್ರಿಯನ್ನು ಒಳಗಿಟ್ಟ ಮೇಲೆ ಅದೇ ಪೆಟ್ಟಿಗೆಯನ್ನು ಹಾಗೆ ಹೊರಗೆ ಒಯ್ಯುವಂತಿರಲಿಲ್ಲ. ಮನೆಗೆ ಬೇರೆ ದಾರಿಯೂ ಇಲ್ಲ. ಸ್ಮಶಾನದವರು ಒಂದು ಗಂಟೆಗೆ ಎಂದಿದ್ದರು. ಈಗ ಹನ್ನೆರಡಾಗುತ್ತ ಬಂದಿತ್ತು.

"ಚೈನ್ ತಗೊಂಬಾ," ಎಂದ ಲಾರಿ ಮಾವ. ಅವನು ಮೇಸ್ತ್ರಿಯ ಹೆಂಡತಿಯ ತಮ್ಮ, ಎರಡು ಲಾರಿಗಳ ಒಡೆಯ. ಜಗತ್ತಿನ ಯಾವ ತೊಡಕನ್ನೂ ಲಾರಿ ಕಟ್ಟಿ ಎಳೆದರೆ ಬಿಡಿಸಬಹುದೆಂದು ನಂಬಿದವನು.

ಮೇಸ್ತ್ರಿಯ ಮಗಳು ಗಾಡಿಯ ಮುಂದೆ ಬಂದು ನಿಂತಳು. "ಮಾವ, ಬೇಡ. ಕೆಳಗಡೆ ಚೈನ್ ಹಾಕೋಕೆ ಗಟ್ಟಿ ಜಾಗಾನೇ ಇಲ್ಲ. ಚಕ್ರ ತಿರುಗದೆ ಎಳೆದ್ರೆ ಮುಂಭಾಗ ಪೂರ್ತಿ ಕಿತ್ಕೊಂಡು ಬರುತ್ತೆ. ಹದಿನಾಲ್ಕು ವರ್ಷ ಕೂತು ಕಟ್ಟಿದ್ದಾರೆ ಅಪ್ಪ."

"ನಿಮ್ಮಪ್ಪನಿಗಿಂತ ಗಾಡಿ ದೊಡ್ಡದೇನಮ್ಮಾ? ಒಂದು ಗಂಟೆ ಮೀರಿದ್ರೆ ಇನ್ನು ನಾಳೇನೇ. ಈ ಬಿಸಿಲಲ್ಲಿ ನಾಳೆವರೆಗೂ ಇಡ್ತೀಯಾ ಅವರನ್ನ?"

ಲಾರಿ ಮಾವ ಹೊಸ್ತಿಲಿನ ಕಡೆ ತಿರುಗಿದ. "ಅಕ್ಕ, ನೀನೇ ಹೇಳು. ಎಳೀಲಾ?"

ಹೊಸ್ತಿಲಲ್ಲಿ ಕೂತಿದ್ದ ಹೆಂಡತಿ ತಲೆ ಎತ್ತಲಿಲ್ಲ. ನಿನ್ನೆಯಿಂದ ಆಕೆ ನಾಲ್ಕು ಮಾತೂ ಆಡಿರಲಿಲ್ಲ. ಆಕೆಯ ಉತ್ತರ ಎಲ್ಲರಿಗೂ ಗೊತ್ತೇ ಇತ್ತು. ಬೀದಿಯವರು ಆ ಕಾರಿಗೆ ಮೇಸ್ತ್ರಿಯ ಎರಡನೇ ಸಂಸಾರ ಎಂದು ಹೆಸರಿಟ್ಟು ನಕ್ಕಾಗ ಮೊದಲ ಸಂಸಾರ ಒಂದು ದಿನವೂ ನಕ್ಕಿರಲಿಲ್ಲ.

"ಮೌನ ಅಂದ್ರೆ ಹೂಂ ಅಂತಾನೇ," ಎಂದು ಲಾರಿ ಮಾವ ಗೇಟಿನತ್ತ ನಡೆದ.

ಮಗಳು ಫೋನು ತೆಗೆದಳು. ಮೂರು ವರ್ಷದಿಂದ ಆ ಮನೆಯಲ್ಲಿ ಯಾರೂ ಕರೆಯದ ನಂಬರು ಅದು. "ಚಿಕ್ಕಪ್ಪ," ಎಂದಳು. "ಅಪ್ಪ ಹೋದ್ರು. ಗಾಡಿ ಬ್ರೇಕು ಬಿಡ್ತಿಲ್ಲ, ಬೇಗ ಬನ್ನಿ."

*

ಆ ಗಾಡಿ ಮನೆಗೆ ಬಂದದ್ದೇ ಗೋಣಿಚೀಲಗಳಲ್ಲಿ. ತುಕ್ಕು ಹಿಡಿದ ಮೈ ಒಂದು ತಳ್ಳುಗಾಡಿಯ ಮೇಲೆ, ಉಳಿದದ್ದು ಹನ್ನೊಂದು ಚೀಲಗಳಲ್ಲಿ. "ಇದು ಕಾರಾ, ಗುಜರಿಯಾ?" ಎಂದು ಹೆಂಡತಿ ಕೇಳಿದ್ದಕ್ಕೆ ಮೇಸ್ತ್ರಿ, "ಸದ್ಯಕ್ಕೆ ಗುಜರಿ," ಎಂದು ಒಪ್ಪಿಕೊಂಡಿದ್ದರು.

ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಸೀಟು ಹೊಲಿದ ಮನುಷ್ಯ. ಹೊಲಿಗೆ ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಉಳಿದ ವಿದ್ಯೆಯನ್ನೆಲ್ಲ ತಂದವನು ಗೆಳೆಯ ಅಸಲಪ್ಪ. ಲೇತ್ ಕೆಲಸದವನು, ಮಗಳ ಬಾಯಲ್ಲಿ ಚಿಕ್ಕಪ್ಪ. ಸಿಗದ ಭಾಗಗಳನ್ನು ಹಳೆಯ ಪಟ ನೋಡಿ, ಕೂದಲೆಳೆಯಷ್ಟೂ ತಪ್ಪದಂತೆ ಕಡೆದು ಕೊಡುತ್ತಿದ್ದ. ಬಾಯಿ ತೆಗೆದರೆ ಒಂದೇ ಮಾತು: "ಅಸಲಲ್ಲಿ ಹೀಗಿರಲಿಲ್ಲ." ಹಾಗಾಗಿ ಅವನಿಗೆ ಆ ಹೆಸರು. ಅವನ ಅಸಲು ಹೆಸರು ಮರೆತೇಹೋಗಿತ್ತು.

ಹ್ಯಾಂಡ್‌ಬ್ರೇಕನ್ನು ಬದಲಾಯಿಸೋಣ ಎಂದು ಮೇಸ್ತ್ರಿ ಒಮ್ಮೆ ಹೇಳಿದ್ದರು. ಎಲ್ಲ ಗಾಡಿಗಳಲ್ಲಿ ಗುಂಡಿ ಒತ್ತಿದರೆ ಬ್ರೇಕು ಬಿಡುತ್ತದೆ. ಇದರಲ್ಲಿ ಉಲ್ಟಾ. ಒತ್ತಿ ಎಳೆದರೆ ಕಚ್ಚಿಕೊಳ್ಳುತ್ತದೆ, ಗುಂಡಿ ಮುಟ್ಟದೆ ಸರಳನ್ನು ಒಂದಿಷ್ಟು ಮೇಲೆತ್ತಿದರೆ ತಾನೇ ಕಳಚಿ ಬೀಳುತ್ತದೆ.

"ಆ ಕಾಲದ ರೇಸ್ ಗಾಡಿ ಬ್ರೇಕು ಹೀಗೇ," ಎಂದು ಅಸಲಪ್ಪ ಪಟ್ಟು ಹಿಡಿದ. "ಇರ್ಲಿ ಬಿಡು. ಕದಿಯೋಕೆ ಬಂದೋನು ಬೆವರು ಸುರಿಸ್ಕೊಂಡು ಹೋಗ್ಲಿ."

ಹೀಗೆ ಹನ್ನೊಂದು ವರ್ಷ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಸಲಪ್ಪ ಸಂದಿಯ ಕೊನೆಯ ಗಾಡಿ ಶೆಡ್ಡಿಗೆ ಬಂದಾಗ ಡ್ರೈವರ್ ಸೀಟಿನ ಚೌಕಟ್ಟು ಬದಲಾಗಿತ್ತು. ಮೇಸ್ತ್ರಿ ಅದನ್ನು ಕೊಯ್ದು, ನಾಲ್ಕು ಬೆರಳು ಎತ್ತರಿಸಿ, ಒಂದು ಗೇಣು ಮುಂದಕ್ಕೆ ತಂದು ಬೆಸುಗೆ ಹಾಕಿಸಿಬಿಟ್ಟಿದ್ದರು. ಪೆಡಲುಗಳಿಗೆ ಮರದ ತುಂಡು ಕಟ್ಟಿದ್ದರು.

"ಯಾರಿಗೋಸ್ಕರ ಕೆಡಿಸಿದೆ ಇದನ್ನ?"

"ಬೇಕಾಗಿತ್ತು."

"ನೀನು ಕೂರೋಕಾಗುತ್ತಾ ಇದರಲ್ಲಿ? ಮಾರ್ತಿದ್ದೀಯಾ? ಯಾವ ಕುಳ್ಳನಿಗೆ?"

"ಕೇಳಬೇಡ. ಹೇಳೋಕಾಗಲ್ಲ."

ಅಸಲಪ್ಪ ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದ. ತಾನು ಹನ್ನೊಂದು ವರ್ಷ ಮೈಯಿಟ್ಟು ಕಡೆದದ್ದನ್ನು ಈ ಮನುಷ್ಯ ಯಾರಿಗೋ ಮಾರಲು ಹೊರಟಿದ್ದಾನೆ ಎಂದೇ ಅವನು ತಿಳಿದ. ಮೇಸ್ತ್ರಿ ಗೇಟಿನವರೆಗೂ ಹಿಂದೆ ಬಂದು, ಗೇಟು ಹಿಡಿದು ನಿಂತರು.

*

ಅಸಲಪ್ಪ ಬಂದಾಗ ಲಾರಿ ಗೇಟಿಗೆ ಬೆನ್ನು ಕೊಟ್ಟು ನಿಂತಿತ್ತು, ಚೈನಿನ ಕೊಕ್ಕೆ ಗಾಡಿಯ ಕೆಳಗೆ ಹೋಗಿತ್ತು. ಹನ್ನೆರಡು ಇಪ್ಪತ್ತು. ಅವನು ನೇರ ಗಾಡಿಯ ಮುಂದೆ ಬಂದ. ಕೆಳಗೆ ಬಗ್ಗಿ ಕೊಕ್ಕೆ ಬಿಚ್ಚಿ ಪಕ್ಕಕ್ಕೆಸೆದ.

"ಏಯ್, ಏನಯ್ಯಾ ಇದು?" ಎಂದ ಲಾರಿ ಮಾವ.

"ಐದು ನಿಮಿಷ ಕೊಡಿ. ಆಗದಿದ್ರೆ ನಾನೇ ಕಟ್ಟಿಕೊಡ್ತೀನಿ ಚೈನು."

ಬಾಗಿಲು ತೆರೆಯುವಷ್ಟು ಜಾಗವಿರಲಿಲ್ಲ. ಅಸಲಪ್ಪ ಮೇಲಿಂದ ಕಾಲು ಹಾಕಿ ಸೀಟಿಗಿಳಿದ. ಇಳಿದವನ ಮೊಣಕಾಲು ಸ್ಟೇರಿಂಗಿಗೆ ಸಿಕ್ಕಿಕೊಂಡು ಎದೆಗೆ ಬಂತು. ಗುಂಡಿ ಮುಟ್ಟದೆ ಸರಳನ್ನು ಮೇಲೆತ್ತಿದ. ಕದಲಲಿಲ್ಲ. ಎರಡೂ ಕೈ ಹಾಕಿ ಹಲ್ಲು ಕಚ್ಚಿ ಎಳೆದ. ಕದಲಲಿಲ್ಲ.

"ಎಷ್ಟು ಸಲ ಗುಂಡಿ ಒತ್ತಿ ಎಳೆದ್ರಿ?"

"ಆರು ಸಲ," ಎಂದಳು ಮಗಳು.

"ಅದಕ್ಕೇ. ತುದೀಗೆ ಹೋಗಿ ಕೂತಿದೆ. ಕಾಲಲ್ಲಿ ಬ್ರೇಕ್ ಪೆಡಲ್ ಜೋರಾಗಿ ತುಳಿದ್ರೆ ತಂತಿ ಸ್ವಲ್ಪ ಸಡಿಲ ಆಗುತ್ತೆ, ಆಗ ಎತ್ತಬಹುದು. ಆದ್ರೆ ನನ್ನ ಕಾಲು ಮೇಲೇಳ್ತಾನೇ ಇಲ್ಲ ಇಲ್ಲಿ."

ಮಗಳು ಮುಂದೆ ಬಂದಳು. ಅಪ್ಪನ ಎತ್ತರವೇ ಅವಳದು. ಅಸಲಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿ ಆಗಲ್ಲ ಎಂದು ತಲೆಯಾಡಿಸಿದ. ಆಮೇಲೆ ತನ್ನ ಕಾಲ ಬಳಿಯ ಪೆಡಲುಗಳ ಮೇಲೆ ಅವನ ಕಣ್ಣು ನಿಂತಿತು. ಮರದ ತುಂಡುಗಳು ನಡುವೆ ಸವೆದು ಹೊಳೆಯುತ್ತಿದ್ದವು. ಸವೆದ ಗುರುತು ಚಿಕ್ಕದು, ಮಗುವಿನದಕ್ಕಿಂತ ತುಸು ದೊಡ್ಡ ಹೆಜ್ಜೆಯದು. ಹಾಗಾದರೆ ಇದು ಮಾರಾಟಕ್ಕೆ ಮಾಡಿದ್ದಲ್ಲ. ಯಾರೋ ಇದರಲ್ಲಿ ಕೂತು ತಿಂಗಳುಗಟ್ಟಲೆ ಓಡಿಸಿದ್ದಾರೆ. ಮೇಸ್ತ್ರಿಯಂತೂ ಈ ಸೀಟಿನಲ್ಲಿ ಕೂತಿರಲು ಸಾಧ್ಯವೇ ಇಲ್ಲ.

ಅಸಲಪ್ಪ ಮೆಲ್ಲಗೆ ಹಿಂದಕ್ಕೆ ತಿರುಗಿ ಹೊಸ್ತಿಲಿನ ಕಡೆ ನೋಡಿದ. ಅಲ್ಲಿ ಕೂತಿದ್ದವಳ ಕಾಲು ಮೆಟ್ಟಿಲಿಗೆ ಸರಿಯಾಗಿ ಎಟುಕುತ್ತಿರಲಿಲ್ಲ.

ಆಕೆ ಥಟ್ಟನೆ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು.

*

ಮೂರು ವರ್ಷದ ಹಿಂದೆ, ತನಗೆ ಐವತ್ತೈದು ತುಂಬಿದ ವರ್ಷ, ನೆಂಟರೆಲ್ಲ ಕೂತಿದ್ದಾಗ, ತಾನೂ ಗಾಡಿ ಓಡಿಸಲು ಕಲಿಯಬೇಕು ಎಂದು ಆಕೆ ಬಾಯಿತಪ್ಪಿ ಹೇಳಿದ್ದಳು. ತಮ್ಮ ನಕ್ಕು ನಕ್ಕು ಕೆಮ್ಮಿದ. "ಅಕ್ಕ ಹೊಲಿಗೆ ಮಿಷನ್ ತುಳಿದ್ರೇನೇ ಗೋಡೆಗೆ ಗುದ್ದುತ್ತಾಳೆ!" ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಮೇಸ್ತ್ರಿ ನಗಲಿಲ್ಲ. ಮಾರನೆಯ ಬೆಳಿಗ್ಗೆ ಟೇಪು ಹಿಡಿದು ಬಂದು, "ನಿಂತ್ಕೋ," ಎಂದರು. ಸೊಂಟದಿಂದ ಹಿಮ್ಮಡಿಗೆ, ಹೆಗಲಿನಿಂದ ಬೆರಳ ತುದಿಗೆ ಅಳತೆ ತೆಗೆದು ಅಂಗೈ ಮೇಲೆ ಬರೆದುಕೊಂಡರು.

"ಯಾರಿಗೂ ಹೇಳಬೇಡಿ," ಎಂದಿದ್ದಳು ಆಕೆ. "ಕಲಿತ ಮೇಲೆ ಹೇಳೋಣ."

ಭಾನುವಾರ ಬೆಳಿಗ್ಗೆ ಆರಕ್ಕೆ ಮೇಸ್ತ್ರಿ ಗಾಡಿಯನ್ನು ಬೀದಿಯಾಚೆಯ ಡಿಪೋ ಬಯಲಿಗೆ ಕೈಯಲ್ಲೇ ತಳ್ಳಿಕೊಂಡು ಹೋಗುತ್ತಿದ್ದರು. ಎಂಜಿನ್ ಸದ್ದಿಗೆ ಯಾರ ನಿದ್ದೆಯೂ ಕೆಡದಿರಲಿ ಎಂದು ತಳ್ಳುತ್ತಾರೆ ಎಂದು ಬೀದಿಯವರು ಮೆಚ್ಚಿಕೊಂಡಿದ್ದರು. ಆಕೆ ಐದು ನಿಮಿಷ ಬಿಟ್ಟು, ತರಕಾರಿ ಚೀಲ ಹಿಡಿದು, ಬಳಸಿಕೊಂಡು ಹೋಗುತ್ತಿದ್ದಳು.

ನಿನ್ನೆ ಬಯಲಿನಿಂದ ಮರಳುವಾಗ ಮೊದಲ ಸಲ ಆಕೆಯೇ ಗಾಡಿಯನ್ನು ಬೀದಿ ದಾಟಿಸಿದಳು. "ರಿವರ್ಸಲ್ಲಿ ಸಂದಿಗೂ ನೀನೇ ಹಾಕು," ಎಂದರು ಮೇಸ್ತ್ರಿ. ಆಕೆ ಹಿಂದಕ್ಕೆ ಕತ್ತು ತಿರುಗಿಸಿ, ಗೋಡೆಯ ಮೇಲೆ ಕಣ್ಣು ನೆಟ್ಟು, ಉಸಿರು ಬಿಗಿಹಿಡಿದು ಗಾಡಿ ಬಿಟ್ಟಳು. ಪಕ್ಕದಿಂದ ದನಿ ಬರುತ್ತಿತ್ತು: "ಎಡಕ್ಕೆ... ಸ್ವಲ್ಪ ಎಡಕ್ಕೆ... ಹಾಂ." ಆಮೇಲೆ ದನಿ ನಿಂತಿತು. ತಾನು ಸರಿಯಾಗಿ ಓಡಿಸುತ್ತಿರುವುದಕ್ಕೇ ಅವರು ಸುಮ್ಮನಾದರು ಎಂದುಕೊಂಡಳು. ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಇನ್ನೂ ಹತ್ತು ಮಾರು ಹಿಂದೆ ಬಂದು, ನಗುತ್ತ ತಿರುಗಿ ನೋಡಿದಳು.

ಎರಡೂ ಕೈಯಲ್ಲಿ ಬ್ರೇಕು ಎಳೆದದ್ದು ನೆನಪಿದೆ. ಕೂಗಿದ್ದು ನೆನಪಿಲ್ಲ. ಜನ ಬರುವ ಹೊತ್ತಿಗೆ ಆಕೆ ಕೆಳಗಿಳಿದು ನಿಂತಿದ್ದಳು. ನೋವು ತಾಳದೆ ಮೇಸ್ತ್ರಿ ಪಕ್ಕದ ಸೀಟಿಗೆ ಸರಿದಿರಬೇಕು ಎಂದು ಜನವೇ ಹೇಳಿಕೊಂಡರು. ಆಕೆ ಅಲ್ಲವೆನ್ನಲಿಲ್ಲ.

ಆ ಬ್ರೇಕು ಬಿಡಿಸುವುದು ಹೇಗೆಂದು ಬೆಳಗಿನಿಂದಲೂ ಆಕೆಗೆ ಗೊತ್ತಿತ್ತು. ಹೇಳಿದರೆ, ಗಾಡಿಯಲ್ಲಿ ಕೂತಿದ್ದವಳು ನೀನಾ ಎಂದು ಕೇಳುತ್ತಾರೆ. ಪಕ್ಕದಲ್ಲಿ ಜೀವ ಹೋಗುತ್ತಿದ್ದರೂ ಗೋಡೆ ನೋಡುತ್ತಿದ್ದೆಯಾ ಎಂದು ಕೇಳುತ್ತಾರೆ. ನಿನ್ನೆಯಿಂದ ತನ್ನನ್ನು ತಾನೇ ಅದನ್ನೇ ಕೇಳಿಕೊಳ್ಳುತ್ತಿದ್ದಳು. ಇನ್ನೊಂದು ಮಾತೂ ಇತ್ತು. ಗಾಡಿ ಕದಲದಿದ್ದರೆ ಅವರೂ ಮನೆಯಿಂದ ಕದಲುವುದಿಲ್ಲ.

*

"ಐದು ನಿಮಿಷ ಆಯ್ತು," ಎಂದ ಲಾರಿ ಮಾವ. ಕೊಕ್ಕೆ ಮತ್ತೆ ಅವನ ಕೈಯಲ್ಲಿತ್ತು.

ಅಸಲಪ್ಪ ಗಾಡಿಯಿಂದಿಳಿದು ನೇರ ಹೊಸ್ತಿಲಿಗೆ ಬಂದು, ಮೆಟ್ಟಿಲ ಕೆಳಗೆ ಕುಕ್ಕರುಗಾಲಲ್ಲಿ ಕೂತ. ದನಿ ತಗ್ಗಿಸಿದ. "ಅತ್ತಿಗೆ, ಅವತ್ತು ಯಾರಿಗೋಸ್ಕರ ಅಂತ ಕೇಳ್ದೆ. ಹೇಳ್ಲೇ ಇಲ್ಲ ಅವನು. ಅದಕ್ಕೇ ಮೂರು ವರ್ಷ ಮಾತು ಬಿಟ್ಟೆ ನಾನು, ಕತ್ತೆ."

ಆಕೆಗೆ ಅದು ಗೊತ್ತೇ ಇರಲಿಲ್ಲ. ನಿಮ್ಮ ಗೆಳೆಯ ಯಾಕೆ ಬರ್ತಿಲ್ಲ ಎಂದು ಕೇಳಿದಾಗಲೆಲ್ಲ, ಅವನಿಗೆ ಕೆಲಸ ಜಾಸ್ತಿ ಎನ್ನುತ್ತಿದ್ದರು ಮೇಸ್ತ್ರಿ. ತನ್ನ ಒಂದು ಗುಟ್ಟಿಗೆ ಅವರು ಇದ್ದೊಬ್ಬ ಗೆಳೆಯನನ್ನೇ ಕೊಟ್ಟುಬಿಟ್ಟಿದ್ದರು.

"ನಿನ್ನೆ ಗಾಡೀಲಿ ನೀವಿದ್ರಾ?"

ಹೌದೆಂದು ತಲೆಯಾಡಿಸಿದಳು. "ನಾನು ಗೋಡೆ ನೋಡ್ತಿದ್ದೆ," ಎಂದಳು. "ಅವರನ್ನ ನೋಡ್ಲಿಲ್ಲ."

"ಕೈ ಎಲ್ಲಿತ್ತು ಅವನದು?"

"ತೊಡೆ ಮೇಲೆ."

ಅಸಲಪ್ಪ ಗಾಡಿಯ ಕಡೆ ತಿರುಗಿ ನೋಡಿದ. "ನಾನು ಓಡಿಸಿದ್ರೆ ಹೆದರಿ ಎರಡೂ ಕೈಲಿ ಮುಂದಿನ ಕಂಬಿ ಹಿಡ್ಕೊಂಡು, ಕಣ್ಣು ಮುಚ್ಕೊಂಡು ಕೂರ್ತಿದ್ದ ಕಣಮ್ಮಾ. ಹನ್ನೊಂದು ವರ್ಷದಲ್ಲಿ ಒಂದು ಸಲನೂ ಕೈ ಬಿಟ್ಟಿಲ್ಲ." ಆಕೆಯ ಕಡೆ ನೋಡಿದ. "ತೊಡೆ ಮೇಲಿತ್ತಾ?"

ಗೇಟಿನಲ್ಲಿ ಲಾರಿ ಶುರುವಾಯಿತು.

ಆಕೆ ಎದ್ದಳು. ಗೋಡೆ ಸವರಿಕೊಂಡು ಸಂದಿಯಲ್ಲಿ ನಡೆದು, ಎಲ್ಲರೂ ನೋಡುತ್ತಿದ್ದಂತೆ ಸೀರೆ ಎತ್ತಿ ಸಿಕ್ಕಿಸಿ, ಬಾಗಿಲಿನ ಮೇಲೆ ಕಾಲು ಹಾಕಿ ಸೀಟಿಗಿಳಿದಳು. ಬೆನ್ನು ಸೀಟಿಗೆ ಸರಿಯಾಗಿ ಕೂತಿತು, ಪಾದ ಪೆಡಲಿಗೆ ಸರಿಯಾಗಿ ಹೋಯಿತು. ಅಳೆದು ಮಾಡಿದ್ದು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅಮ್ಮಾ?" ಎಂದಳು ಮಗಳು.

"ನಿನ್ನೆ ಓಡಿಸ್ತಾ ಇದ್ದವಳು ನಾನೇ ಕಣೇ," ಎಂದಳು. ಸಂದಿಯಲ್ಲಿದ್ದವರಿಗೆಲ್ಲ ಕೇಳಿಸಿತು. "ಅವರು ಪಕ್ಕದಲ್ಲಿದ್ರು."

ಲಾರಿ ಮಾವ ಬಾಯಿ ತೆರೆದ. ಆಕೆ ಅವನನ್ನೇ ನೋಡಿದಳು. "ಲಾರಿ ತೆಗಿ."

"ಅಕ್ಕ, ನೀನು..."

"ತೆಗಿಯೋ, ಅವರಿಗೆ ಹೊತ್ತಾಗ್ತಿದೆ." ಲಾರಿ ಮಾವ ಕೊಕ್ಕೆ ಕೆಳಗೆ ಹಾಕಿ ಕೈ ಬೀಸಿದ, ಲಾರಿ ಗೇಟು ಬಿಟ್ಟು ಬದಿಗೆ ಸರಿಯಿತು.

ಬಲಗಾಲನ್ನು ಮೈಯ ಭಾರವೆಲ್ಲ ಬಿಟ್ಟು ತುಳಿದಳು. ಗುಂಡಿ ಮುಟ್ಟದೆ ಸರಳನ್ನು ಮೇಲೆತ್ತಿದಳು. ಒಂದು ಸಲ ಬರಲಿಲ್ಲ. ಎರಡನೆಯ ಸಲ ಕಟ್ ಎಂದು ಕಳಚಿ ಕೆಳಗೆ ಬಿತ್ತು. ಯಾರೋ ತಳ್ಳಲು ಹಿಂದೆ ಕೈಯಿಟ್ಟರು. "ಬೇಡ," ಎಂದು ಆಕೆ ಕೀಲಿ ತಿರುಗಿಸಿದಳು. ಗಾಡಿ ಒಮ್ಮೆ ಮೈ ಕೊಡವಿ, ಆಮೇಲೆ ಹದವಾಗಿ ಉಸಿರಾಡಿತು. ಗೋಡೆಗೆ ತಾಗದಂತೆ, ಅವಸರವಿಲ್ಲದೆ, ಗೇಟು ದಾಟಿ ಬೀದಿಗಿಳಿದು ನಿಂತಳು. ಲಾರಿ ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಲಾರಿಯ ಪಕ್ಕ ನಿಂತಿದ್ದ. ನಗುತ್ತಿರಲಿಲ್ಲ.

ಆಕೆ ಬ್ರೇಕಿನಿಂದ ಕಾಲು ತೆಗೆಯದೆ ಕನ್ನಡಿಯಲ್ಲಿ ನೋಡಿದಳು. ಸಂದಿಯ ಮಣ್ಣಿನ ಮೇಲೆ ಚಕ್ರದ ಎರಡು ಗೆರೆ ಮೂಡಿದ್ದವು, ಎಲ್ಲಿಯೂ ಸೊಟ್ಟಗಾಗದೆ ಮನೆಬಾಗಿಲಿನ ಕಡೆಯಿಂದ ಗೇಟಿನವರೆಗೆ. ಪೆಟ್ಟಿಗೆ ಹೊತ್ತವರು ಬರುತ್ತಿದ್ದರು, ಮುಂದೆ ಅಸಲಪ್ಪ ಮತ್ತು ಮಗಳು. ಎಡಗಡೆಯವರು ಒಂದು ಗೆರೆಯ ಮೇಲೆ, ಬಲಗಡೆಯವರು ಇನ್ನೊಂದರ ಮೇಲೆ ಹೆಜ್ಜೆಯಿಡುತ್ತಿದ್ದರು.